ಅಂಗಲಾಚದ ಅರ್ಜಿ

ಆಕೆ ಟೈಪ್ ಮಾಡಿದ ಅರ್ಜಿಗಳಲ್ಲಿ ಯಾರೂ ಯಾರ ಮುಂದೆಯೂ ಅಂಗಲಾಚುತ್ತಿರಲಿಲ್ಲ. ಕೌಟುಂಬಿಕ ನ್ಯಾಯಾಲಯದ ಹೊರಜಗಲಿಯಲ್ಲಿ, ನಾಲ್ಕನೆಯ ಕಂಬಕ್ಕೆ ತಾಗಿಸಿ ಹಾಕಿದ ಮೇಜಿನ ಮುಂದೆ ಕುಳಿತು, ಬಿಟ್ಟುಹೋದ ಗಂಡಂದಿರಿಂದ ಹೆಂಡತಿಯರಿಗೂ ಮರೆತುಹೋದ ಅಪ್ಪಂದಿರಿಂದ ಮಕ್ಕಳಿಗೂ ಸಲ್ಲಬೇಕಾದ ಜೀವನಾಂಶದ ಅರ್ಜಿಗಳನ್ನು ಹದಿನೈದು ವರ್ಷಗಳ ಕಾಲ ಸಾವಿರಗಟ್ಟಲೆ ಬೆರಳಚ್ಚಿಸಿದ ಆ ಹೆಂಗಸು, 'ದಯಮಾಡಿ' ಎಂದಾಗಲಿ, 'ಕೃಪೆಯಿಟ್ಟು' ಎಂದಾಗಲಿ, 'ಈ ಅಬಲೆಯ ಮೇಲೆ ಕನಿಕರ ತೋರಿ' ಎಂದಾಗಲಿ ಒಂದೇ ಒಂದು ಸಲವೂ ಕಾಗದದ ಮೇಲೆ ಇಳಿಸಿದವಳಲ್ಲ. ವಕೀಲರು ಬರೆದುಕೊಟ್ಟ ಕರಡಿನಲ್ಲಿ ಅಂಥ ಮಾತಿದ್ದರೆ ಆಕೆಯ ಬೆರಳುಗಳು ಅದನ್ನು ಹಾರಿಕೊಂಡು ಮುಂದಕ್ಕೆ ಹೋಗುತ್ತಿದ್ದವು. ಸಹಿ ಹಾಕುವಾಗ ಯಾರಾದರೂ ಗಮನಿಸಿ ಕೇಳಿದರೆ, ಆ ಅಕ್ಷರದ ಕೀಲಿ ಕೆಟ್ಟಿದೆ ಎಂದು ಮುಖ ಬಿಗಿದುಕೊಂಡು ಹಸಿ ಸುಳ್ಳು ಹೇಳುತ್ತಿದ್ದಳು.

ಅರ್ಜಿಯ ಕೊನೆಯಲ್ಲಿ 'ಪ್ರಾರ್ಥನೆ' ಎಂಬ ತಲೆಬರಹ ಹಾಕಿ ಅದರ ಕೆಳಗೆ ಬೇಕಾದ್ದನ್ನು ಬೇಡಿಕೊಳ್ಳುವುದು ಅನೂಚಾನವಾಗಿ ನಡೆದುಬಂದ ಕ್ರಮ. ಆಕೆ ಅಲ್ಲಿ 'ಕೇಳಿಕೆ' ಎಂದು ಹಾಕುತ್ತಿದ್ದಳು. ಹೊಸದಾಗಿ ಬಂದ ಪರಿಶೀಲನಾಧಿಕಾರಿಯೊಬ್ಬರು ತಮ್ಮ ಶಿಸ್ತನ್ನು ಲೋಕಕ್ಕೆ ತೋರಿಸುವ ಉಮೇದಿನಲ್ಲಿ ಒಂದೇ ವಾರದಲ್ಲಿ ಇಂಥ ಹನ್ನೊಂದು ಅರ್ಜಿಗಳನ್ನು ಹಿಂದಿರುಗಿಸಿದರು. ಆಕೆ ಹನ್ನೊಂದನ್ನೂ ಎದೆಗವಚಿಕೊಂಡು ಅವರ ಕೋಣೆಗೆ ನುಗ್ಗಿ, ನಿಯಮಗಳ ಪುಸ್ತಕವನ್ನು ಕಪಾಟಿನಿಂದ ಅವರ ಕೈಯಲ್ಲೇ ತೆಗೆಸಿ, ಧೂಳು ಕೊಡವಿಸಿ, ಪುಟ ತಿರುವಿಸಿದಳು. ಕೋರುವ ಪರಿಹಾರವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು ಎಂದಷ್ಟೇ ಅಲ್ಲಿತ್ತು. ಪ್ರಾರ್ಥನೆಯ ಸುದ್ದಿಯೇ ಇರಲಿಲ್ಲ. "ಪ್ರಾರ್ಥನೆ ದೇವರ ಹತ್ರ ಮಾಡ್ತೀವಿ ಸಾರ್, ಇಲ್ಲಿ ಕೇಳ್ತೀವಿ," ಎಂದು ಹೇಳಿ ಬಂದಳಂತೆ. ಅಧಿಕಾರಿಗಳು ಅಂದಿನಿಂದ ಆಕೆಯ ಅರ್ಜಿಗಳ ಕೊನೆಯ ಪುಟವನ್ನು ನೋಡುವುದನ್ನೇ ಬಿಟ್ಟರು.

ನಾನು ಆಗ ಅದೇ ಕಟ್ಟಡದ ನಕಲು ಶಾಖೆಯಲ್ಲಿ ಗುಮಾಸ್ತ. ಹಳೆಯ ತೀರ್ಪುಗಳ, ರಾಜಿಪತ್ರಗಳ ದೃಢೀಕೃತ ಪ್ರತಿಗಳನ್ನು ಕಿಟಕಿಯ ಕಂಡಿಯಿಂದ ಹೊರಕ್ಕೆ ತಳ್ಳುವುದು ನನ್ನ ವೃತ್ತಿ. ಆ ಕಂಡಿಗೆ ಸರಿಯಾಗಿ ಎದುರಿಗೇ ಆಕೆಯ ಮೇಜು. ಸ್ವಭಾವತಃ ನಾನು ಪುಕ್ಕಲ. ಮೇಲಧಿಕಾರಿ ಕೆಮ್ಮಿದರೆ ಎದ್ದು ನಿಲ್ಲುವ ಜಾತಿ. ದಿನವಿಡೀ ಆಕೆಯನ್ನು ನೋಡುತ್ತ ಕುಳಿತಿರುವುದು ನನಗೆ ಒಂದು ಬಗೆಯ ವ್ಯಾಯಾಮವೇ ಆಗಿತ್ತು. ನಾನು ಆಡಲಾರದ ಮಾತುಗಳನ್ನು ಯಾರೋ ಒಬ್ಬರು ಹತ್ತು ಹೆಜ್ಜೆಯ ದೂರದಲ್ಲಿ ಆಡುತ್ತಿದ್ದಾರೆಂಬ ಸಮಾಧಾನವೂ ಆಗಿತ್ತು.

ಎತ್ತರದ ಹೆಂಗಸೇನಲ್ಲ. ಆದರೆ ಜಗಲಿಯ ನಟ್ಟನಡುವೆ, ಹಿಮ್ಮಡಿಯನ್ನು ನೆಲಕ್ಕೆ ಬಲವಾಗಿ ಊರಿ, ತೋಳನ್ನು ಅಗಲವಾಗಿ ಬೀಸುತ್ತ ಬರುವ ಆ ನಡಿಗೆಗೆ ಕಪ್ಪು ಕೋಟಿನ ಘಟಾನುಘಟಿ ವಕೀಲರೂ ಗೋಡೆಯ ಕಡೆ ಸರಿದು ದಾರಿ ಬಿಡುತ್ತಿದ್ದರು. ಆಕೆಯದೂ ಒಂದು ಕೋಟಿತ್ತು. ಕಂದುಬಣ್ಣದ, ಗಂಡಸರ ಅಳತೆಯ, ಮೊಣಕೈ ಸವೆದ, ತೋಳನ್ನು ಮೂರು ಸುತ್ತು ಮಡಚಿದ ಕೋಟು. ಸುಡುಬಿಸಿಲಲ್ಲೂ ಅದನ್ನು ಬಿಚ್ಚಿದ್ದು ನಾನು ಕಂಡಿಲ್ಲ. ಬಿಟ್ಟ ಗಂಡನ ನೆನಪಿಗೆ ತೊಡುತ್ತಾಳೆ ಎಂದು ಜಗಲಿಯಲ್ಲಿ ಒಂದು ಕಥೆ ಹಬ್ಬಿತ್ತು. ಒಬ್ಬ ಹಿರಿಯ ವಕೀಲರು ಸಲಿಗೆಯಿಂದ ಅದನ್ನೇ ಕೇಳಿಬಿಟ್ಟಾಗ, ಹಳೇಬಟ್ಟೆ ಅಂಗಡಿಯಲ್ಲಿ ಆರು ಜೇಬಿನ ಉಡುಪು ಅದೊಂದೇ ಸಿಕ್ಕಿತೆಂದು ಹೇಳಿ, ಆರೂ ಜೇಬುಗಳನ್ನು ಒಂದೊಂದಾಗಿ ಹೊರಮೈ ಮಾಡಿ ತೋರಿಸಿದಳು. ಗುಂಡುಪಿನ್ನು, ಕಾರ್ಬನ್ ಹಾಳೆ, ಅಂಟು, ರಬ್ಬರು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಮತ್ತು ಅಳುವ ಮಕ್ಕಳಿಗೆಂದು ಒಂದು ಹಿಡಿ ಪೆಪ್ಪರಮಿಂಟು ಮೇಜಿನ ಮೇಲೆ ಬಿದ್ದವು.

ಜೀವನಾಂಶದ ವಿಷಯದಲ್ಲಿ ಜನ ಕೇಳುವ ಪ್ರಶ್ನೆಗಳು ಹತ್ತೋ ಹನ್ನೆರಡೋ ಅಷ್ಟೇ. ಕೇಳುವ ಪ್ರತಿಯೊಬ್ಬರೂ ಮಾತ್ರ ಲೋಕದಲ್ಲಿ ಇದು ತಮಗೊಬ್ಬರಿಗೇ ಬಂದ ಸಂಕಟವೆಂಬಂತೆ ದನಿ ತಗ್ಗಿಸಿ ಕೇಳುತ್ತಾರೆ. ಆಕೆ ಉತ್ತರವನ್ನು ದನಿಯೇರಿಸಿಯೇ ಹೇಳುತ್ತಿದ್ದಳು, ಪಕ್ಕದಲ್ಲಿ ಕಾದವರಿಗೂ ಕೇಳಲಿ, ಮತ್ತೆ ಮತ್ತೆ ಹೇಳುವ ಕಷ್ಟ ತಪ್ಪಲಿ ಎಂದು. ಎಲ್ಲ ಉತ್ತರಗಳೂ ಒಂದೇ ಅಚ್ಚಿನಲ್ಲಿ ಬರುತ್ತಿದ್ದವು. ಗಂಡ ಬೇಕೆಂದೇ ಕೆಲಸ ಬಿಟ್ಟು ಕೂತಿದ್ದಾನೆ, ಇನ್ನೇನು ಸಿಗುತ್ತದೆ ಎಂದು ಅತ್ತವಳಿಗೆ, ಕೆಲಸ ಇಲ್ಲದಿರುವುದು ಬೇರೆ, ಕೆಲಸ ಮಾಡುವ ರಟ್ಟೆ ಇರುವುದು ಬೇರೆ, ಕೋರ್ಟು ರಟ್ಟೆಯನ್ನೂ ನೋಡುತ್ತದೆ ಎನ್ನುವಳು. ನನಗೆ ಸಂಬಳವಿದೆ, ಹಾಗಾದರೆ ಮಗುವಿಗೂ ಇಲ್ಲವೇ ಎಂದವಳಿಗೆ, ನಿಮ್ಮದು ಬೇರೆ, ಮಗುವಿನದು ಬೇರೆ. ಇನ್ನೊಂದು ಮದುವೆಯಾಗಿದ್ದೇನೆ ಎಂದು ಕೈ ತೊಳೆದುಕೊಳ್ಳಲು ಬಂದವನಿಗೆ, ಹೊಸ ಮನೆ ಬೇರೆ, ಹಳೇ ಮಗು ಬೇರೆ. ಮಗುವಿನ ಮುಖ ನೋಡಲು ಬಿಡದವಳಿಗೆ ನಾನೇಕೆ ಹಣ ಕೊಡಬೇಕು ಎಂದು ಒಬ್ಬ ಬಸ್ ಚಾಲಕ ಮೇಜು ಗುದ್ದಿದಾಗ, "ನೋಡೋದು ಬೇರೆ, ಸಾಕೋದು ಬೇರೆ. ನೋಡೋಕೆ ಬಿಡ್ತಿಲ್ವಾ, ಅದಕ್ಕೆ ಇನ್ನೊಂದು ಅರ್ಜಿ ಇದೆ, ಕೂತ್ಕೊಳ್ಳಿ, ಈಗಲೇ ಹೊಡೀತೀನಿ. ಅವಳ ಮೇಲಿನ ಸಿಟ್ಟಿಗೆ ಮಗು ಹೊಟ್ಟೆ ಮೇಲೆ ಹೊಡೀಬೇಡಿ," ಎಂದಳು. ಹೆಂಡತಿಯ ಗಳಿಕೆಯಲ್ಲಿ ಬದುಕಿದ್ದ ಒಬ್ಬ ಸಂಗೀತದ ಮೇಷ್ಟ್ರು, ಗಂಡಸು ಜೀವನಾಂಶ ಕೇಳಬಹುದೇ ಎಂದು ನಾಚಿಕೊಂಡು ಕೇಳಿದ್ದರು. ಕೇಳಬಹುದು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು, ಕೇಳುವುದಕ್ಕೆ ಮೀಸೆ ಅಡ್ಡ ಬರುವುದಿಲ್ಲ ಎಂದು ಉತ್ತರ ಸಿಕ್ಕಿತು.

ಟೈಪಿಸ್ಟು ಕಾನೂನು ಸಲಹೆ ಕೊಡುತ್ತಿದ್ದಾಳೆಂದು ವಕೀಲರ ಸಂಘ ದೂರು ಕೊಟ್ಟಿತು. ಎಚ್ಚರಿಕೆಯ ಪತ್ರ ಬಂದ ಮರುದಿನವೇ ಆಕೆ 'ಇಲ್ಲಿ ಸಲಹೆ ಕೊಡಲಾಗುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಒಂದು ಫಲಕ ಬರೆಸಿ ಕಂಬಕ್ಕೆ ನೇತುಹಾಕಿ, ಅದರ ಕೆಳಗೆ ಕುಳಿತು ಎಂದಿನಂತೆ ಸಲಹೆ ಕೊಡತೊಡಗಿದಳು. ಫಲಕ ನೋಡಿ ಹಿಂದೆ ಸರಿದವರನ್ನು ಕೈಬೀಸಿ ಕರೆಯುತ್ತಿದ್ದಳು.

ವಕೀಲರು ಬೆನ್ನ ಹಿಂದೆ ಆಕೆಗೆ ಇಟ್ಟ ಹೆಸರು ಪಟ್ಟಿಯಮ್ಮ. ಮಗುವಿನ ಖರ್ಚಿನ ವಿವರವನ್ನು ಅರ್ಜಿಯೊಡನೆ ಲಗತ್ತಿಸಬೇಕು. ಉಳಿದ ಟೈಪಿಸ್ಟರು ಊಟ, ಬಟ್ಟೆ, ಶಾಲೆ ಎಂದು ಮೂರು ಸಾಲು ಹೊಡೆದು ಮುಗಿಸುತ್ತಿದ್ದರು. ಈಕೆ ತಾಯಂದಿರನ್ನು ಎದುರಿನ ಬೆಂಚಿನಲ್ಲಿ ಕೂರಿಸಿ ಮಗುವಿನ ಅಡಿಯಿಂದ ಮುಡಿಯವರೆಗೆ ಪ್ರಶ್ನೆ ಹಾಕುವಳು. ಪಾದದಿಂದಲೇ ಆರಂಭ. ವರ್ಷಕ್ಕೆ ಎಷ್ಟು ಜೊತೆ ಚಪ್ಪಲಿ ಹರಿಯುತ್ತದೆ, ಮಂಡಿ ತರಚಿಕೊಂಡರೆ ಮುಲಾಮು ಯಾರು ತರುತ್ತಾರೆ, ಹಲ್ಲು ನೋವಿಗೆ ಎಲ್ಲಿಗೆ ಹೋಗುತ್ತೀರಿ, ಕನ್ನಡಕವಿದೆಯೇ, ಕೂದಲು ಮನೆಯಲ್ಲೇ ಕತ್ತರಿಸುತ್ತೀರೋ ಹೊರಗೋ. ತಾಯಂದಿರು ಅರ್ಧ ಮರೆತಿರುತ್ತಿದ್ದರು. ಇಲ್ಲದ್ದನ್ನು ನಿಭಾಯಿಸಿ ನಿಭಾಯಿಸಿ, ಇರಬೇಕಾದ್ದು ಯಾವುದೆಂಬುದೇ ಅವರಿಗೆ ಮರೆತುಹೋಗಿರುತ್ತಿತ್ತು. ಆಕೆ ಬಿಡುತ್ತಿರಲಿಲ್ಲ, ಇಪ್ಪತ್ತು ಸಾಲಿಗಿಂತ ಕಡಿಮೆಯ ಪಟ್ಟಿ ಆ ಮೇಜಿನಿಂದ ಏಳುತ್ತಲೇ ಇರಲಿಲ್ಲ.

ಹೆಂಗಸರ ಪಕ್ಷಪಾತಿ ಎಂಬ ಅಪವಾದವೂ ಇತ್ತು, ಅದು ನಿಜವಲ್ಲ. ಬೀಗ ಬಿದ್ದ ಕಾರ್ಖಾನೆಯ ಒಬ್ಬ ಬೆಸುಗೆ ಕೆಲಸದವನು ನಾಲ್ಕು ತಿಂಗಳಿಂದ ಮಕ್ಕಳ ಹಣ ಕಟ್ಟಲಾಗದೆ, ಹೆಂಡತಿಯ ಕಣ್ಣಿಗೆ ಬೀಳಲು ಮುಖವಿಲ್ಲದೆ, ತಲೆಮರೆಸಿಕೊಂಡು ತಿರುಗುತ್ತಿದ್ದ. ಅವನನ್ನು ಕರೆಸಿ, ಆದಾಯ ಕಡಿಮೆಯಾದರೆ ಮೊತ್ತವನ್ನು ಕಡಿಮೆ ಮಾಡಿರೆಂದು ಕೋರ್ಟನ್ನೇ ಕೇಳಬಹುದು, ಕೇಳುವತನಕ ಹಳೆಯ ಮೊತ್ತವೇ ಬಾಕಿಯಾಗಿ ಬೆಳೆಯುತ್ತ ಹೋಗುತ್ತದೆ ಎಂದು ತಿಳಿಹೇಳಿ, ಬಿಡಿಗಾಸು ಪಡೆಯದೆ ಅವನ ಅರ್ಜಿ ಮಾಡಿಕೊಟ್ಟಳು. ಕೊಡದಿರುವವನಿಗಿಂತ ಬಚ್ಚಿಟ್ಟುಕೊಳ್ಳುವವನ ಮೇಲೆ ಆಕೆಗೆ ಹೆಚ್ಚು ಕೋಪ.

ಆಕೆಯ ಕೋಪ ಒಮ್ಮೆ ಮಾತ್ರ ನನಗೆ ಅರ್ಥವಾಗಲಿಲ್ಲ. ಆಸ್ಪತ್ರೆಯ ದಾದಿಯೊಬ್ಬಳು, ಬಿಳಿಯ ಸಮವಸ್ತ್ರದಲ್ಲೇ, ರಾಜಿಪತ್ರದ ಕರಡು ಹಿಡಿದು ಬಂದಿದ್ದಳು. ನನಗೂ ಬೇಡ, ನನ್ನ ಮಗನಿಗೂ ಬೇಡ, ಅವನ ಒಂದು ಚೂರು ದುಡ್ಡು ನನ್ನ ಹೊಸ್ತಿಲು ದಾಟಬಾರದು, ಹಾಗೆಂದು ಬರೆಯಿರಿ ಎಂದಳು. ಬೆಂಚಿನಲ್ಲಿದ್ದವರೆಲ್ಲ ಮೆಚ್ಚಿ ತಲೆದೂಗಿದರು. ಕಿಟಕಿಯ ಹಿಂದೆ ನಾನೂ ತಲೆದೂಗಿದೆ. ಟೈಪಿಸ್ಟು ಮಾತ್ರ ಕೀಲಿಗಳ ಮೇಲಿಂದ ಕೈ ಹಿಂದಕ್ಕೆ ತೆಗೆದುಕೊಂಡಳು. ಮುಖ ಸುಣ್ಣದಂತಾಗಿತ್ತು. ನಿಮ್ಮದನ್ನು ಬೇಕಾದರೆ ಸುಟ್ಟುಹಾಕಿ, ಮಗುವಿನದನ್ನು ಬಿಟ್ಟುಕೊಡಲು ನೀವು ಯಾರು ಎಂದು ಎಷ್ಟು ಕಠೋರವಾಗಿ ಗದರಿದಳೆಂದರೆ ಆ ದಾದಿ ಬಿಕ್ಕಿಬಿಕ್ಕಿ ಅತ್ತು, ಒಂದು ವಾರ ಬಿಟ್ಟು ಬರುತ್ತೇನೆಂದು ಎದ್ದುಹೋದಳು. ಆ ದಿನವೆಲ್ಲ ಈಕೆಯ ಯಂತ್ರದಿಂದ ತಪ್ಪು ಅಕ್ಷರಗಳೇ ಬಿದ್ದವು. ನಾನು ಬಿಸಿಲಿನ ಪ್ರಭಾವವೆಂದುಕೊಂಡೆ.

ಅದಾಗಿ ಎರಡು ವರ್ಷಕ್ಕೆ, ಬೆಳಗಿನ ಹನ್ನೊಂದರ ಸುಮಾರಿಗೆ, ದಪ್ಪ ಕನ್ನಡಕದ ಒಬ್ಬ ಹುಡುಗಿ ನನ್ನ ಕಂಡಿಯ ಮುಂದೆ ನಿಂತು ಹದಿನೈದು ವರ್ಷದ ಹಿಂದಿನ ಒಂದು ವಿಚ್ಛೇದನದ ರಾಜಿಪತ್ರದ ನಕಲು ಬೇಕೆಂದಳು. ಅವಳು ಟೈಪಿಸ್ಟಿನ ಮಗಳೆಂದು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಶಾಲೆ ಬಿಟ್ಟು ನೇರ ಇಲ್ಲಿಗೇ ಬಂದು, ಆ ಮೇಜಿನ ಅಡಿಯಲ್ಲಿ ಪುಸ್ತಕ ಹರಡಿಕೊಂಡು ಬೆಳೆದವಳು. ಪ್ರಕರಣದ ಪಕ್ಷಗಾರರಿಗೆ ಮಾತ್ರ ನಕಲು ಕೊಡುತ್ತೇವೆ, ತಾಯಿಯ ಸಹಿ ಬೇಕು ಎಂದು ನಾನು ಅಭ್ಯಾಸಬಲದಿಂದ ಹೇಳಿದೆ.

"ಅದ್ರಲ್ಲಿ ನನ್ನ ವಿಷಯ ಬರ್ದಿದೆಯಂತೆ ಅಂಕಲ್. ನನ್ನದೇನೋ ಬಿಟ್ಟುಕೊಟ್ಟಿದಾರಂತೆ. ಹಾಗಾದ್ರೆ ನಾನು ಪಕ್ಷಗಾರಳಲ್ವಾ?"

ಮೂವತ್ತು ವರ್ಷದ ನೌಕರಿಯಲ್ಲಿ ಆ ಕಂಡಿಯಿಂದ ನನಗೆ ಬಂದ ಅತ್ಯಂತ ಸರಿಯಾದ ಪ್ರಶ್ನೆ ಅದು. ಹುಡುಗಿ ಅರ್ಜಿ ನಮೂನೆಯನ್ನು ಎತ್ತಿಕೊಂಡು ಹತ್ತು ಹೆಜ್ಜೆ ನಡೆದು, ಟೈಪ್ ಆಗುತ್ತಿದ್ದ ಹಾಳೆಯ ಮೇಲೆಯೇ ಅದನ್ನು ಇಟ್ಟು, ಸಹಿ ಹಾಕು ಎಂದಳು. ತಾಯಿ ಓದಿದಳು. ಜಗಲಿಯ ಆ ತುದಿಯಿಂದ ಸದಾ ಬರುತ್ತಿದ್ದ ಟಕಟಕ ನಿಂತದ್ದಕ್ಕೆ ಉಳಿದ ಟೈಪಿಸ್ಟರೂ ತಲೆಯೆತ್ತಿ ನೋಡಿದರು. ಕೊನೆಗೆ ಆಕೆ ಸಹಿ ಹಾಕಿದಳು, ನಾನು ದಾಖಲೆ ಕೋಣೆಗೆ ಹೋಗಿ ಕಟ್ಟು ಬಿಚ್ಚಿದೆ.

ಎರಡು ಪುಟದ ರಾಜಿಪತ್ರ. ಮೂರನೆಯ ಕಲಮಿನಲ್ಲಿ, ತಾನು ತನ್ನ ಪರವಾಗಿಯೂ ತನ್ನ ಎರಡು ವರ್ಷದ ಹೆಣ್ಣುಮಗುವಿನ ಪರವಾಗಿಯೂ, ಈಗಾಗಲಿ ಮುಂದಾಗಲಿ, ಗಂಡನಿಂದ ಯಾವುದೇ ಜೀವನಾಂಶ ಕೇಳುವುದಿಲ್ಲವೆಂದು ಆಕೆ ಒಪ್ಪಿ ಸಹಿ ಮಾಡಿದ್ದಳು. ನನಗೆ ಆಗ ಆ ದಾದಿಯ ನೆನಪಾಯಿತು, ಬಿಸಿಲನ್ನು ದೂರಿದ ನನ್ನ ಬುದ್ಧಿಗೆ ನಾನೇ ನಾಚಿಕೊಂಡೆ.

ಉಳಿದದ್ದನ್ನು ಆಕೆಯೇ ಅಂದು ಮಧ್ಯಾಹ್ನ, ನಕಲು ತೆಗೆದುಕೊಳ್ಳುವಾಗ, ಕಂಡಿಯ ಕಟ್ಟೆಗೆ ಮೊಣಕೈ ಊರಿ ನಿಂತು ಹೇಳಿದಳು. ಆಗ ಆಕೆ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟಾಗಿದ್ದಳು. ಅದೇ ಕಚೇರಿಯಲ್ಲೇ ರಾಜಿಯ ಮಾತುಕತೆ. ಗಂಡ ಔಷಧಿ ಅಂಗಡಿಯ ಮಾಲೀಕ. ವಕೀಲರು ಬರೆದ ಕರಡಿನಲ್ಲಿ ಮಗುವಿನ ಜೀವನಾಂಶವನ್ನು ಮುಂದೆ ತೀರ್ಮಾನಿಸುವುದೆಂದು ಖಾಲಿ ಬಿಟ್ಟಿದ್ದರು. ಹೊರಡುವಾಗ ಗಂಡ ಬಾಗಿಲಲ್ಲಿ ನಿಂತು, ಆರು ತಿಂಗಳು ತಡೆಯಿರಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಡಿಯ ಮುಂದೆ ಕೈಚಾಚಿ ನಿಲ್ಲುತ್ತಾಳೆ ಎಂದು ತನ್ನ ವಕೀಲನಿಗೆ ಹೇಳಿ ನಕ್ಕ. ವಕೀಲರು ಊಟಕ್ಕೆ ಹೋದ ಹೊತ್ತಿನಲ್ಲಿ, ಅಚ್ಚುಕಟ್ಟಾದ ಪ್ರತಿ ಮಾಡಲು ಕುಳಿತ ಆಕೆ ಆ ಖಾಲಿ ಸಾಲನ್ನು ತನ್ನ ಕೈಯಾರೆ ತುಂಬಿದಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ನಗುವನ್ನು ಅಳಿಸುವ ಮಾತು ಬೇಕಾಗಿತ್ತು, ಎದುರಿಗೆ ಯಂತ್ರವಿತ್ತು. ಕರಡಿನಂತೆಯೇ ಇದೆ ಎಂದು ನಂಬಿ ಇಬ್ಬರು ವಕೀಲರೂ ಓದದೆ ಸಹಿ ಹಾಕಿದರು. ರಜೆಯ ಮುಂಚಿನ ಕೊನೆಯ ದಿನವಾದ್ದರಿಂದ ನ್ಯಾಯಾಧೀಶರೂ ಹೆಚ್ಚು ನೋಡಲಿಲ್ಲ. ತಾಯಿಯಾದವಳು ಮಗುವಿನ ಹಕ್ಕನ್ನು ಹಾಗೆ ಬರೆದುಕೊಡಲು ಬರುವುದಿಲ್ಲವೆಂದು ವರ್ಷದೊಳಗೆ ಆಕೆಗೇ ತಿಳಿಯಿತು. ತಿಳಿದೂ ಸುಮ್ಮನಿದ್ದಳು. ಊರಿನ ಅರ್ಧ ಮಕ್ಕಳ ಪಾಲನ್ನು ಕೇಳಿಕೊಟ್ಟವಳು ತನ್ನ ಮಗಳ ಪಾಲನ್ನು ಕೇಳಲಿಲ್ಲ, ಏಕೆಂದರೆ ಕೇಳಿದರೆ ಆ ಬಾಗಿಲಲ್ಲಿ ನಿಂತು ನಕ್ಕವನ ಮಾತು ನಿಜವಾದಂತಾಗುತ್ತಿತ್ತು.

ಈಗ ಕೇಳಲೇಬೇಕಾದ ಕಾಲ ಬಂದಿತ್ತು. ಮಗಳಿಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಐದು ವರ್ಷದ ಓದು, ತಿಂಗಳೊಳಗೆ ಮೊದಲ ಶುಲ್ಕ, ಟೈಪಿಸ್ಟಿನ ಗಳಿಕೆಗೆ ಅದು ಎಟುಕುವ ಮಾತಲ್ಲ. ಹದಿನೆಂಟು ತುಂಬಲು ಏಳು ತಿಂಗಳಿತ್ತು. ಅಷ್ಟರೊಳಗೆ ಮಗುವಿನ ಹೆಸರಿನಲ್ಲಿ ಕೇಳಿದರೆ ಓದು ಮುಗಿಯುವವರೆಗೆ ಆದೇಶ ಪಡೆಯಬಹುದು, ಆಮೇಲೆ ದಾರಿ ಕಿರಿದು ಎಂಬುದನ್ನು ಆ ಜಗಲಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಆ ತಾಯಿಯೇ. ಆದರೂ ಸಾಲ ಮಾಡುತ್ತೇನೆ, ಯಂತ್ರ ಮಾರುತ್ತೇನೆ, ಅವನ ಮುಂದೆ ಮಾತ್ರ ನಿಲ್ಲುವುದಿಲ್ಲ, ನಿನ್ನದನ್ನೂ ಅಂದೇ ಬಿಟ್ಟುಕೊಟ್ಟು ಸಹಿ ಮಾಡಿದ್ದೇನೆ ಎಂದು ವಾರದಿಂದ ಮನೆಯಲ್ಲಿ ಹಟ ಹಿಡಿದಿದ್ದಳಂತೆ. ಅದಕ್ಕೇ ಮಗಳು ನಕಲು ಕೇಳಲು ಬಂದದ್ದು.

ನಕಲು ಕೈಗೆ ಬಂದ ಮೇಲೆ ಹುಡುಗಿ ಅದನ್ನು ಮೇಜಿನ ಬಳಿ ನಿಂತೇ ಓದಿದಳು. ನಾನು ಕಿವಿ ನಿಮಿರಿಸಿಕೊಂಡು ಕುಳಿತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

"ನಿನ್ನ ಹಟ ಬೇರೆ, ನನ್ನ ಪಾಲು ಬೇರೆ ಅಮ್ಮ," ಎಂದಳು. "ನಿನ್ನದನ್ನ ನೀನು ಬಿಟ್ಟೆ, ಅದು ನಿನ್ನಿಷ್ಟ. ನನ್ನದನ್ನ ಬಿಡೋವಾಗ ನನ್ನ ಕೇಳಿದ್ಯಾ?"

"ನಿನಗಾಗ ಎರಡು ವರ್ಷ."

"ಹಾಗಾದ್ರೆ ಕಾಯಬೇಕಾಗಿತ್ತು."

ತಾಯಿ ಅರ್ಧ ಹೊಡೆದ ಹಾಳೆಯನ್ನು ಎಳೆದು ತೆಗೆದು, ಹೊಸ ಹಾಳೆಗಳ ನಡುವೆ ಕಾರ್ಬನ್ ಸೇರಿಸಿ ಉರುಳೆಗೆ ಸಿಕ್ಕಿಸಿದಳು. ಆಮೇಲೆ ಮಗಳನ್ನು ಎದುರಿನ ಬೆಂಚಿನಲ್ಲಿ ಕೂರಲು ಹೇಳಿ, ಬೇರೆ ಯಾರನ್ನಾದರೂ ಕೇಳುವಂತೆಯೇ, ಪಾದದಿಂದ ಆರಂಭಿಸಿ ಪಟ್ಟಿ ಕೇಳತೊಡಗಿದಳು. ಚಪ್ಪಲಿ ಆಯಿತು, ಬಟ್ಟೆ ಆಯಿತು, ಹಲ್ಲು ಆಯಿತು. ಕನ್ನಡಕದ ಸಾಲಿಗೆ ಬಂದಾಗ ಹುಡುಗಿ ಕೊಂಚ ತಡೆದು, ಎರಡು ವರ್ಷದಿಂದ ಗಾಜು ಬದಲಿಸಿಲ್ಲ, ಕಪ್ಪುಹಲಗೆ ಕಾಣುವುದಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತೇನೆ ಎಂದಳು. ನನಗೇಕೆ ಹೇಳಲಿಲ್ಲ ಎಂದು ತಾಯಿ ಕೇಳಿದಳು.

"ನೀನು ಕೇಳಲಿಲ್ಲ. ಊರಿನವರನ್ನೆಲ್ಲ ಕೇಳ್ತೀಯ."

ಆ ಮಾತಿಗೆ ಆಕೆ ಅತ್ತಳು. ಹದಿನೈದು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತದ್ದೂ ಟೈಪ್ ಮಾಡುತ್ತಲೇ, ಬೆರಳು ನಿಲ್ಲಿಸದೆ. ನನ್ನ ಕಣ್ಣೂ ತುಂಬಿತು, ಕಂಡಿಯ ಬಾಗಿಲನ್ನು ಅರ್ಧ ಎಳೆದುಕೊಂಡೆ. ಅಂದಿನ ಪಟ್ಟಿ ಮೂವತ್ತೊಂದು ಸಾಲಾಯಿತು.

ವಿಚಾರಣೆಯ ದಿನ ಯಾವುದೋ ಕಡತ ತಲುಪಿಸುವ ನೆಪ ಹೂಡಿ ನಾನು ಒಳಗೆ ಹೋಗಿ ಹಿಂದಿನ ಗೋಡೆಗೆ ನಿಂತೆ. ಸಭಾಂಗಣ ಕಿಕ್ಕಿರಿದಿತ್ತು, ಪಟ್ಟಿಯಮ್ಮ ಕಟಕಟೆ ಹತ್ತುತ್ತಾಳಂತೆ ಎಂದು ಕೆಲಸವಿಲ್ಲದ ವಕೀಲರೆಲ್ಲ ಬಂದು ಕುಳಿತಿದ್ದರು. ಕೆಲವರ ಮುಖದಲ್ಲಿ ಹಳೆಯ ಲೆಕ್ಕ ತೀರುವ ಸಂತೋಷವೂ ಇತ್ತು. ಆಕೆ ಅದೇ ಕಂದು ಕೋಟಿನಲ್ಲಿ, ಅದೇ ನಡಿಗೆಯಲ್ಲಿ ನಡುವಿನ ದಾರಿಯಲ್ಲಿ ಬಂದು ಕಟಕಟೆ ಏರಿದಳು. ಔಷಧಿ ಅಂಗಡಿಯವನು ಮುಂದಿನ ಸಾಲಿನಲ್ಲಿದ್ದ. ತಲೆ ನರೆತು, ಹೊಟ್ಟೆ ಬಂದು, ನೋಡಲು ಕೆಟ್ಟವನಂತೇನೂ ಕಾಣುತ್ತಿರಲಿಲ್ಲ. ಅವನ ವಕೀಲ ಮಾತ್ರ ಬಹಳ ಹುರುಪಿನಲ್ಲಿದ್ದ. ವಕೀಲರ ಸಂಘದಿಂದ ಆಕೆಯ ಮೇಲೆ ದೂರು ಬರೆದವನು ಅವನೇ.

ರಾಜಿಪತ್ರವನ್ನು ಆಕೆಯ ಮುಂದೆ ಹಿಡಿದು, ಈ ಸಹಿ ನಿಮ್ಮದೇ ಎಂದು ಕೇಳಿದ. ನನ್ನದೇ ಎಂದಳು. ಓದಿ ಸಹಿ ಮಾಡಿದ್ದೇ ಎಂದ. ಓದಿ ಅಲ್ಲ, ನಾನೇ ಟೈಪ್ ಮಾಡಿದ್ದು ಎಂದಳು. ಸಭೆಯಲ್ಲಿ ಸಣ್ಣ ನಗೆಯೆದ್ದಿತು. ಯಾರಾದರೂ ಬಲವಂತ ಮಾಡಿದ್ದರೇ, ಹೆದರಿಸಿದ್ದರೇ, ಮೋಸದಿಂದ ಬರೆಸಿಕೊಂಡಿದ್ದರೇ ಎಂದು ಆತ ಒಂದೊಂದಾಗಿ ಕೇಳಿದ. ಇಲ್ಲ ಎಂದು ಹೇಳಿದರೆ ಅರ್ಜಿ ಬಿದ್ದುಹೋಗುತ್ತದೆಂದು ಹೆದರಿ ನಾನು ಕಡತವನ್ನು ಹಿಸುಕುತ್ತಿದ್ದೆ. ಹೌದು, ಹೆದರಿಸಿದ್ದರು ಎಂದು ಒಂದು ಸುಳ್ಳು ಹೇಳಿಬಿಡಲಿ ಎಂದು ನನ್ನ ಪುಕ್ಕಲು ಮನಸ್ಸು ಬಯಸಿತು. ಆಕೆ ಮೂರು ಪ್ರಶ್ನೆಗೂ ಇಲ್ಲವೆಂದೇ ಹೇಳಿದಳು. ಆ ವಕೀಲ ಸಭೆಯ ಕಡೆ ತಿರುಗಿ, ಕೊನೆಯದೆಂಬಂತೆ ಕೇಳಿದ:

"ಹಾಗಾದ್ರೆ ಇವತ್ತು ಯಾವ ಮುಖ ಇಟ್ಕೊಂಡು ಕೇಳೋಕೆ ಬಂದಿದೀರಿ?"

"ಇದೇ ಮುಖ," ಎಂದಳು ಆಕೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನನ್ನದಲ್ಲದ್ದನ್ನ ನಾನು ಬಿಟ್ಟುಕೊಟ್ಟೆ. ಕೋಪದಲ್ಲಿ ಬರೆದೆ, ಯಾರೂ ಹೇಳ್ಕೊಡಲಿಲ್ಲ. ತಪ್ಪು ನನ್ನದು, ದಾಖಲೆ ಮಾಡ್ಕೊಳ್ಳಿ. ಅದಕ್ಕೆ ಶಿಕ್ಷೆ ಇದ್ರೆ ನನಗೆ ಕೊಡಿ. ಅವಳ ಪಾಲು ಅವಳಿಗೆ ಕೊಡಿ. ನಾನು ಬೇಡ್ತಿಲ್ಲ ಸ್ವಾಮಿ, ಕೇಳ್ತಿದೀನಿ."

ನಗುತ್ತಿದ್ದವರು ನಿಲ್ಲಿಸಿದರು. ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ರಾಜಿಪತ್ರದ ಮೂರನೆಯ ಕಲಮನ್ನು ಇನ್ನೊಮ್ಮೆ ಓದಿ, ಇದು ತಾಯಿಯನ್ನು ಕಟ್ಟಿಹಾಕಬಹುದು, ಮಗುವನ್ನಲ್ಲ ಎಂದು ಬರೆಸಿದರು. ಮೊದಲ ವರ್ಷದ ಶುಲ್ಕವನ್ನು ಹತ್ತು ದಿನದೊಳಗೆ ತಂದೆ ಕಟ್ಟಬೇಕು, ಓದು ಮುಗಿಯುವವರೆಗೆ ತಿಂಗಳ ಖರ್ಚು ಕೊಡಬೇಕು ಎಂದು ಆದೇಶವಾಯಿತು. ಮೂವತ್ತೊಂದು ಸಾಲಿನಲ್ಲಿ ಇಪ್ಪತ್ತೆಂಟನ್ನು ಒಪ್ಪಿದರು. ತಾಯಿಯ ಜೀವನಾಂಶದ ಮಾತು ಬರಲೇ ಇಲ್ಲ, ಏಕೆಂದರೆ ಆಕೆ ಕೇಳಿರಲಿಲ್ಲ. ತನ್ನ ಸಹಿಯನ್ನು ತನ್ನ ಮಟ್ಟಿಗೆ ಆಕೆ ಕೊನೆಯವರೆಗೂ ಉಳಿಸಿಕೊಂಡಳು.

ಹೊರಗೆ ಬಂದಾಗ ಔಷಧಿ ಅಂಗಡಿಯವನು ಕಂಬದ ಬಳಿ ಕಾಯುತ್ತಿದ್ದ. ಮಗಳ ದಪ್ಪ ಕನ್ನಡಕವನ್ನೇ ನೋಡುತ್ತ, ಮೊದಲೇ ಕೇಳಿದ್ದರೆ ಕೊಡುತ್ತಿದ್ದೆ, ಇಷ್ಟು ದೂರ ಬರಬೇಕಾಗಿರಲಿಲ್ಲ ಎಂದ. ಅವನ ದನಿಯಲ್ಲಿ ನಿಜವಾದ ಸಂಕೋಚವಿತ್ತೆಂದು ನನಗೆ ತೋರಿತು. ಆಕೆ ಮಾತ್ರ ಅದಕ್ಕೆ ಸೋಲಲಿಲ್ಲ.

"ಅವಳ ಹಸಿವು ನಿಮಗೆ ಗೊತ್ತಾಗೋಕೆ ನಾನು ಕೇಳಬೇಕಾಗಿತ್ತಾ? ಕೇಳದೆ ಇದ್ದದ್ದು ನನ್ನ ತಪ್ಪು, ಒಳಗೆ ಒಪ್ಕೊಂಡು ಬಂದೆ. ಕೊಡದೆ ಇದ್ದದ್ದು ನಿಮ್ಮದು. ನಿಮ್ಮದನ್ನ ನೀವು ಎಲ್ಲಿ ಬೇಕಾದ್ರೂ ಒಪ್ಕೊಳ್ಳಿ," ಎಂದು ಹೇಳಿ, ತಿರುಗಿ ತನ್ನ ಮೇಜಿಗೆ ಹೋದಳು. ಬೆಂಚಿನಲ್ಲಿ ಆಗಲೇ ಇಬ್ಬರು ಕಾಯುತ್ತಿದ್ದರು. ಹುಡುಗಿ ತಂದೆಯನ್ನು ಒಂದು ಕ್ಷಣ ನೋಡಿ, ಕಾಲೇಜಿನ ವಿಳಾಸ ಬರೆದ ಚೀಟಿಯನ್ನು ಅವನ ಕೈಗಿತ್ತು, ಹತ್ತು ದಿನ ಎಂದು ನೆನಪಿಸಿ, ತಾಯಿಯ ಹಿಂದೆಯೇ ಹೋದಳು.

ಇಂಥ ಅನೇಕ ಹೆಂಗಸರನ್ನು ನನ್ನ ಕಂಡಿಯಿಂದ ಆಮೇಲೆಯೂ ಕಂಡಿದ್ದೇನೆ. ಹಟಮಾರಿಗಳೆಂಬ ಒಂದೇ ಮಾತಿನಲ್ಲಿ ಲೋಕ ಇವರನ್ನು ಮೂಲೆಗೆ ಸರಿಸುತ್ತದೆ. ಏನೂ ಬೇಡವೆಂದು ಕೊಡವಿಕೊಂಡು ಎದ್ದುಹೋದರೆ ಸ್ವಾಭಿಮಾನಿ ಎಂದು ಹೊಗಳುತ್ತದೆ, ಏಕೆಂದರೆ ಅದರಿಂದ ಯಾರ ಜೇಬಿಗೂ ತೊಂದರೆಯಿಲ್ಲ. ಕೇಳಲು ಬಂದು ನಿಂತರೆ ದುರಾಸೆಯವಳೆನ್ನುತ್ತದೆ. ಆ ಅಗ್ಗದ ಹೊಗಳಿಕೆಯನ್ನು ನಂಬಿ ವರ್ಷಗಟ್ಟಲೆ ತಲೆಯೆತ್ತಿ ನಡೆದವರಿಗೆ, ಅದರ ಬೆಲೆ ತೆತ್ತದ್ದು ತಾವಲ್ಲ, ತಮ್ಮ ಮಕ್ಕಳು ಎಂದು ಒಂದು ದಿನ ಗೊತ್ತಾಗುತ್ತದೆ. ಆಗ ನನ್ನಂಥವರು ತಪ್ಪನ್ನು ಮುಚ್ಚಿಹಾಕಲು ಒಂದು ಸುಳ್ಳು ಹುಡುಕುತ್ತೇವೆ, ಇಲ್ಲವೇ ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತೇವೆ. ಇವರು ಹಾಗಲ್ಲ. ತುಂಬಿದ ಸಭೆಯಲ್ಲಿ, ನಗಲೆಂದೇ ಬಂದವರ ಎದುರಿಗೆ, ತಪ್ಪು ನನ್ನದೆಂದು ಹೇಳಿ, ಹೇಳಿದ ಅದೇ ಉಸಿರಿನಲ್ಲಿ ಮಕ್ಕಳ ಪಾಲನ್ನೂ ಕೇಳುತ್ತಾರೆ. ಆಗಲೂ ಅವರ ಕೊರಳು ಬಾಗಿರುವುದಿಲ್ಲ.